ಕಸದ ಗಾಡಿಯ ನಾಗೇಶಿ

ಮುಂಜಾನೆ ಆರೂಕಾಲು. ಕಬ್ಬಿನ ಪಡಗಳ ಮೇಲೆ ಮಾಗಿಯ ಮಂಜು ಇನ್ನೂ ಹೊದ್ದುಕೊಂಡೇ ಇದೆ. ಕಲ್ಲೋಳಿ ದಾಟಿ ಘಟಪ್ರಭೆಯ ಕಡೆಗೆ ತಿರುಗುವ ರಸ್ತೆಯಲ್ಲಿ ಒಂದು ಊರು. ಊರಬಾಗಿಲಾದ ಅಗಸಿಯ ಮುಂದೆ ಪಂಚಾಯಿತಿಯ ಕಸದ ಗಾಡಿ ನಿಂತಿದೆ. ಸ್ಟೇರಿಂಗ್ ಹಿಡಿದು ಕುಳಿತ ಮಾಯವ್ವ ಒಂದು ಗುಂಡಿ ಒತ್ತುತ್ತಾರೆ. ಗಾಡಿಯ ನೆತ್ತಿಯ ಮೇಲಿನ ಸ್ಪೀಕರ್ ಎರಡು ಸಲ ಗೊರಗುಟ್ಟಿ ಮೂರನೆಯದಕ್ಕೆ ಬಾಯಿ ಬಿಡುತ್ತದೆ. ದಪ್ಪಿನ ಪೆಟ್ಟು, ತುಂತುಣಿಯ ತಂತಿ, ಅವುಗಳ ಬೆನ್ನಿಗೇ ಹೆಣ್ಣಿನ ಒಂದು ಎತ್ತರದ ದನಿ:

ಹಸಿಯದು ಬ್ಯಾರೆ, ಒಣದು ಬ್ಯಾರೆ, ಕೂಡಿಸಬ್ಯಾಡ ತಂಗಿ
ಹಡೆದವ್ವ ಹೊಳಿಯವ್ವನ ಉಡಿಗಿ ಹೊಲಸ ತುಂಬಬ್ಯಾಡ ತಂಗಿ
ಗೀಯ ಗೀಯ ಗಾಗೀಯ ಗೀಯ...

ಗಾಡಿಯ ಹಿಂದೆ ಐವತ್ತನಾಲ್ಕರ ಹೆಂಗಸೊಬ್ಬರು ನಡೆದು ಬರುತ್ತಿದ್ದಾರೆ. ಮೂಗು ಬಾಯಿ ಮುಚ್ಚುವಂತೆ ಸೆರಗು ಬಿಗಿದಿದ್ದಾರೆ. ಕೈಗೆ ರಬ್ಬರಿನ ಗವಸು, ಕಾಲಿಗೆ ಗಂಡಸರ ಬೂಟು. ಬಾಗಿಲ ಮುಂದಿನ ಬುಟ್ಟಿ ಎತ್ತುತ್ತಾರೆ, ಗಾಡಿಗೆ ಸುರಿಯುತ್ತಾರೆ, ಬುಟ್ಟಿಯನ್ನು ಬೋರಲು ಬಡಿದು ಮತ್ತೆ ಅಲ್ಲೇ ಇಡುತ್ತಾರೆ. ಪ್ರತಿ ಹತ್ತು ಮನೆಗೊಮ್ಮೆ ಗೋಡೆ ಹಿಡಿದು ನಿಂತು ಕೆಮ್ಮುತ್ತಾರೆ. ಸ್ಪೀಕರಿನಲ್ಲಿ ಹಾಡು ಏರುತ್ತಿರುತ್ತದೆ, ಕೆಳಗೆ ಕೆಮ್ಮು ಏರುತ್ತಿರುತ್ತದೆ. ಎರಡೂ ಒಬ್ಬರವೇ. ಹಾಡಿದವರು ಉದ್ದವ್ವ, ಕೆಮ್ಮುತ್ತಿರುವವರೂ ಉದ್ದವ್ವ.

ಓಣಿಯ ತಿರುವಿನ ಮನೆಗೆ ಈಚೆಗೆ ಮದುವೆಯಾಗಿ ಬಂದ ಸೊಸೆ ಬುಟ್ಟಿ ಕೊಡುತ್ತ ಕೇಳುತ್ತಾಳೆ, 'ಈ ಹಾಡು ಯಾರ ಹಾಡ್ಯಾರಬೇ? ದನಿ ಭಾಳ ಛಲೋ ಐತಿ.'

'ಯಾರೋ ಹಾಡ್ಯಾರವಾ,' ಎನ್ನುತ್ತಾರೆ ಉದ್ದವ್ವ. ಬುಟ್ಟಿ ಬಡಿದಿಟ್ಟು ಮುಂದಿನ ಬಾಗಿಲಿಗೆ ನಡೆಯುತ್ತಾರೆ.

ಅವರ ಬಗ್ಗೆ ಬರೆಯಲೆಂದು ಜತೆಗೆ ನಡೆಯುತ್ತಿರುವ ನಾನು, ಯಾಕೆ ಹಾಗಂದಿರಿ ಎಂದು ಕೇಳುತ್ತೇನೆ. ಅವರು ಸೆರಗು ಸಡಿಲಿಸಿ ಉಸಿರು ಎಳೆದುಕೊಳ್ಳುತ್ತಾರೆ. 'ಏನಂತ ಹೇಳ್ಲಿ ಸರ? ನಾನ ಅಂದ್ರ ಒಂದ ಸಾಲು ಹಾಡಬೇ ಅಂತಾಳ. ಈಗ ನನ್ನ ಗಂಟಲದಾಗ ಏನೈತ್ರಿ?' ಆಮೇಲೆ ಇನ್ನೊಂದು ಮಾತು ಸೇರಿಸುತ್ತಾರೆ: 'ನನ್ನ ಬಗ್ಗೆ ಬರೀತೀರಿ, ಬರೀರಿ. ಊರ ಹೆಸರ ಮಾತ್ರ ಬರೀಬ್ಯಾಡ್ರಿ. ನಾಳಿ ಮುಂಜಾನಿ ಇದ ಗಾಡಿ ಹಿಂದ ನಡೀಬೇಕು ನಾ.'

ಅವರ ಮಾತಿಗೆ ಬೆಲೆ ಕೊಟ್ಟು ಈ ಬರಹದಲ್ಲಿ ಊರಿಗೆ ಹೆಸರಿಲ್ಲ.

ಉದ್ದವ್ವ ಹುಟ್ಟಿದ್ದು ಈ ಊರಿನಲ್ಲಲ್ಲ. ತವರು ಹುಕ್ಕೇರಿ ತಾಲ್ಲೂಕಿನ ಕಣಗಲಾ ಹತ್ತಿರದ ಒಂದು ಹಳ್ಳಿ. ತಂದೆ ಕೆಂಚಪ್ಪ ಹಗಲು ಕೂಲಿ ಮಾಡುತ್ತಿದ್ದರು, ಕರೆ ಬಂದಾಗ ಗೀಗೀ ಮೇಳ ಕಟ್ಟಿಕೊಂಡು ಹೋಗುತ್ತಿದ್ದರು. ಗೀಗೀ ಪದದಲ್ಲಿ ಎರಡು ಪಕ್ಷ. ಹರದೇಶಿಯವರು ಪುರುಷ ದೊಡ್ಡವನು ಎಂದು ವಾದಿಸಿ ಹಾಡುತ್ತಾರೆ. ನಾಗೇಶಿಯವರು ಹೆಣ್ಣು ದೊಡ್ಡವಳು, ಪ್ರಕೃತಿ ದೊಡ್ಡದು ಎಂದು ಹಾಡಿ ಅದನ್ನು ಮುರಿಯುತ್ತಾರೆ. ಕೆಂಚಪ್ಪ ಹರದೇಶಿ. ಎದುರು ಹಾಡುವ ನಾಗೇಶಿಯ ಹೆಂಗಸರು ಆ ಭಾಗದಲ್ಲಿ ಕಡಿಮೆಯಾಗುತ್ತ ಬಂದಾಗ, ಮನೆಯಲ್ಲೇ ತಾಲೀಮಿಗೆ ಆದೀತೆಂದು ಹತ್ತು ವರ್ಷದ ಮಗಳನ್ನು ಎದುರು ಕೂರಿಸಿಕೊಂಡರು.

'ನಮ್ಮಪ್ಪ ಹಾಡಿನಾಗ ಕೇಳಾಂವ, ಬೀಜ ದೊಡ್ಡದೋ ನೆಲ ದೊಡ್ಡದೋ ಅಂತ. ಒಂದ ಜಾತ್ರ್ಯಾಗ, ನೆಲ ಇಲ್ದ ಬೀಜ ಎಲ್ಲಿ ಬಿತ್ತತಿಯೋ ಯಪ್ಪಾ, ನಿನ್ನ ತಲಿ ಮ್ಯಾಲೇನು ಅಂತ ನಾ ಎದ್ದ ಹಾಡಿದೆ,' ಎಂದು ಉದ್ದವ್ವ ನಗುತ್ತಾರೆ. ಅವರು ನಕ್ಕದ್ದನ್ನು ನಾನು ಎರಡು ದಿನದಲ್ಲಿ ನೋಡಿದ್ದು ಅದೊಂದೇ ಸಲ. 'ಮಂದಿ ಹೋ ಅಂದ್ರು. ನಮ್ಮಪ್ಪ ಸೋತೆ ಅಂತ ದಪ್ಪ ಕೆಳಗಿಟ್ಟ. ಖರೆ ಅವನ ಕಣ್ಣಾಗ ನೀರಿತ್ರಿ.'

ಹದಿನೆಂಟಕ್ಕೆ ಮೂಡಲಗಿ ಕಡೆಯ ಈ ಊರಿಗೆ ಮದುವೆಯಾಗಿ ಬಂದರು. ಗಂಡ ಸತ್ಯಪ್ಪ ತುಂತುಣಿ ನುಡಿಸಬಲ್ಲವರು. ಗಂಡನ ತಮ್ಮನ ಹೆಂಡತಿ ಮಾಯವ್ವ ಹಿಮ್ಮೇಳಕ್ಕೆ ದನಿ ಕೊಟ್ಟರು. ಐದು ಮಂದಿಯ ಮೇಳವಾಯಿತು. ಗೋಕಾಕ, ಹುಕ್ಕೇರಿ, ಸಂಕೇಶ್ವರ ಎಂದು ಸುತ್ತಿದರು. ನಿಡಸೋಸಿಯ ಮಠದ ಅಂಗಳದಲ್ಲಿ ಒಂದು ರಾತ್ರಿ ಹರದೇಶಿಯವರನ್ನು ಮೂರು ಸಲ ಸೋಲಿಸಿದ್ದನ್ನು ಸತ್ಯಪ್ಪ ಇಂದಿಗೂ ಹೇಳುತ್ತಾರೆ. ದೇವರ ಕಥೆಗಳ ನಡುವೆ ಉದ್ದವ್ವ ತಮ್ಮ ಕಣ್ಣ ಮುಂದಿನದನ್ನೂ ಹಾಡಿಗೆ ಸೇರಿಸತೊಡಗಿದರು. ಕಬ್ಬು ಕಡಿದ ಮೇಲೆ ಉಳಿಯುವ ಒಣ ಗರಿಗೆ, ರವದಿಗೆ, ಬೆಂಕಿ ಹಚ್ಚಿದರೆ ನೆಲದ ಎರೆಹುಳು ಯಾರಿಗೆ ಶಾಪ ಹಾಕುತ್ತದೆ ಎಂದು ಒಂದು ಪದ. ಕಾಲುವೆ ನೀರು ಹೆಚ್ಚಾಗಿ ಸವುಳು ಹಿಡಿದ ಹೊಲ ಬಿಕ್ಕಿ ಅಳುವುದು ಇನ್ನೊಂದು. ಮಳೆ ಹೊತ್ತುಗೊತ್ತಿಲ್ಲದೆ ಬಂದು ಹೋಗುವುದಕ್ಕೆ ಮಳೆರಾಯನನ್ನೇ ಕಟಕಟೆಗೆ ನಿಲ್ಲಿಸಿ, ಅವನು ತಿರುಗಿ ಮನುಷ್ಯನನ್ನೇ ಪ್ರಶ್ನೆ ಕೇಳುವುದು ಮತ್ತೊಂದು.

ಓದು ಮೂರನೆಯ ಈಯತ್ತೆ. ಹವಾಮಾನ ಬದಲಾವಣೆ ಎಂಬ ಮಾತನ್ನು ಅವರು ಮೊದಲು ಕೇಳಿದ್ದು ಸರಕಾರದ ಒಂದು ತರಬೇತಿಯಲ್ಲಂತೆ. 'ಕಲಸಾಕ ಬಂದಿದ್ದ ಮೇಡಮ್ಮಾರು ಅರ್ಧಾ ತಾಸು ಹೇಳಿದ್ರು. ಇದನ್ನ ನಾ ಇಪ್ಪತ್ತ ವರ್ಷದಿಂದ ಹಾಡಾಕತ್ತೇನಿ ಅನಿಸ್ತು. ಹೆಸರ ಗೊತ್ತಿರಲಿಲ್ಲ ಅಷ್ಟರಿ.'

ಐದು ವರ್ಷದ ಹಿಂದೆ ಊರಿಗೆ ಕಸದ ಗಾಡಿ ಬಂತು. ಅದನ್ನು ನಡೆಸುವ ಕೆಲಸ ಮಹಿಳಾ ಸಂಘಕ್ಕೆ ಸಿಕ್ಕಿತು. ಮಾಯವ್ವ ನಲವತ್ತೊಂದನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತರು. ಉದ್ದವ್ವ ಹಿಂದೆ ನಡೆದು ಕಸ ಎತ್ತಲು ಒಪ್ಪಿಕೊಂಡರು. ಗಾಡಿಯ ಜತೆ ಬಂದಿದ್ದ ಹಾಡು ಬೇರೆ ಸೀಮೆಯದು. ಊರಿನ ಮಂದಿ ಅದಕ್ಕೆ ಕಿವಿಗೊಡಲಿಲ್ಲ. ಸಾಲಿಯ ಶಿಕ್ಷಕಿ ಸುಜಾತಾ ಅವರೇ ಪಂಚಾಯಿತಿಗೆ ಹೇಳಿದರು, ನಮ್ಮೂರಾಗ ಇಷ್ಟ ಚಂದ ಹಾಡೋರ ಇದ್ದಾಗ ಇದ್ಯಾಕ ಬೇಕು ಅಂತ.

ಸಾಲಿಯ ಖೋಲಿಯೊಂದರ ಕಿಟಕಿಗಳಿಗೆ ಕಂಬಳಿ ಕಟ್ಟಿ, ಸುಜಾತಾ ಅವರ ಮೊಬೈಲಿನಲ್ಲಿ ಹಾಡು ತುಂಬಿಸಿಕೊಂಡರು. ನಾಲ್ಕು ನಿಮಿಷದ ಹಾಡು. ಸತ್ಯಪ್ಪನ ತುಂತುಣಿ, ಮಾಯವ್ವನ ಗೀಯ ಗೀಯ. ಒಂದೇ ಸಲಕ್ಕೆ ಮುಗಿಯಿತು. ಉಡಿ ತುಂಬುವ ಮಾತು ಅಲ್ಲೇ, ಹಾಡುತ್ತಿರುವಾಗಲೇ ಹೊಳೆಯಿತು ಎನ್ನುತ್ತಾರೆ ಉದ್ದವ್ವ. 'ಹೊಳಿಗಿ ಸೀರಿ ಬಿಟ್ಟು ಉಡಿ ತುಂಬೂದು ನಮ್ಮ ಹೆಣ್ಮಕ್ಕಳ ಪದ್ಧತಿ. ಅದ ಉಡಿಗಿ ಹೊಲಸ ತುಂಬತೀರೇನು ಅಂದ್ರ ಎದಿಗಿ ನಾಟತೈತಿ ಅನಿಸ್ತು.'

ನಾಟಿತು. ಅದೇ ಈ ಕಥೆಯ ದೊಡ್ಡ ಸಂಗತಿ, ಅದೇ ಇದರ ದೊಡ್ಡ ನೋವು ಕೂಡ.

ಊರಿನಲ್ಲಿ ಒಂಬೈನೂರ ನಲವತ್ತು ಮನೆ. ಮೊದಲ ತಿಂಗಳು ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಟ್ಟವರು ಇಪ್ಪತ್ತೆರಡು ಮನೆಯವರು. ಆರು ತಿಂಗಳಿಗೆ ಇನ್ನೂರು. ಎರಡನೆಯ ವರ್ಷ ಆರುನೂರು ದಾಟಿತು. ಮಕ್ಕಳು ಆಟದಲ್ಲಿ ಆ ಹಾಡು ಹಾಡಿದರು. ಹೆಂಗಸರು ರೊಟ್ಟಿ ಬಡಿಯುತ್ತ ಗುನುಗಿದರು. ಚಹಾದಂಗಡಿಯವನು ಪ್ಲಾಸ್ಟಿಕ್ ಲೋಟ ಬಿಟ್ಟು ಮತ್ತೆ ಗಾಜಿನ ಗ್ಲಾಸು ತಂದ. 'ದಿನಾ ಮುಂಜಾನಿ ಆಕಿ ದನಿ ಕೇಳಿ ಕೇಳಿ ನಾಚಿಕಿ ಬಂತ್ರಿ' ಎಂದು ಅವನೇ ನನಗೆ ಹೇಳಿದ. ಎಪ್ಪತ್ತೈದು ದಾಟಿದ ಶೆಟ್ಟೆವ್ವ ಎಂಬ ಅಜ್ಜಿ ಹಾಲಿನ ಪಾಕೀಟುಗಳನ್ನು ತೊಳೆದು, ಒಣಗಿಸಿ, ಒಂದರ ಮೇಲೊಂದು ಮಡಿಸಿ, ಹಳೆಯ ಸೀರೆಯ ಕೆಂಪು ಅಂಚಿನಿಂದ ಗಂಟು ಕಟ್ಟಿ ಕೊಡುತ್ತಿದ್ದರು. 'ದೇವರ ನೈವೇದ್ಯ ಕೊಟ್ಟಂಗ ಕೊಡ್ತಿದ್ಲು,' ಎಂದು ಮಾಯವ್ವ ನೆನೆಯುತ್ತಾರೆ.

ಆರುನೂರು ಮನೆಯ ಮಂದಿ ತಮ್ಮ ಅಡುಗೆಮನೆಯ ರೂಢಿಯನ್ನು ಬದಲಿಸಿದ್ದು ದಂಡಕ್ಕೆ ಹೆದರಿ ಅಲ್ಲ, ನೋಟೀಸು ಓದಿ ಅಲ್ಲ. ಅವರು ಬದಲಾದದ್ದು ನಾಲ್ಕು ನಿಮಿಷದ ಒಂದು ಗೀಗೀ ಪದಕ್ಕೆ.

ಒಣ ಕಸಕ್ಕೆಂದು ಊರ ಹೊರಗೆ ತಗಡಿನ ಶೆಡ್ಡು ಇತ್ತು. ಅಲ್ಲಿ ಇಬ್ಬರೂ ಕುಳಿತು ಕಾಗದ, ಪ್ಲಾಸ್ಟಿಕ್, ಬಾಟಲಿ ವಿಂಗಡಿಸುತ್ತಿದ್ದರು. ತಿಂಗಳಿಗೊಮ್ಮೆ ಗುಜರಿ ಲಾರಿ ಬಂದು ಒಯ್ಯುತ್ತಿತ್ತು. ಎರಡು ವರ್ಷ ಒಂಬತ್ತು ತಿಂಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ಸಂಜೆ, ಎಂದೂ ಕಾಣದಂಥ ಬಿರುಗಾಳಿ ಬಂದು ಶೆಡ್ಡಿನ ತಗಡುಗಳನ್ನು ಕಿತ್ತು ಕಬ್ಬಿನ ಪಡಕ್ಕೆ ಎಸೆಯಿತು. ಗಾಳಿಯ ಹಿಂದೆ ಮಳೆ. ಕೂಡಿಟ್ಟದ್ದೆಲ್ಲ ತೊಯ್ದು ಮುದ್ದೆಯಾಯಿತು. ಗುಜರಿಯವರು ಹಸಿ ಮಾಲು ಬೇಡವೆಂದು ಹೋದವರು ಮತ್ತೆ ಬರಲಿಲ್ಲ.

ಆಗ ಮೇಲಿನಿಂದ ಒಂದು ಮಾತು ಬಂತು: ಶೆಡ್ಡು ಆಗುವ ತನಕ ಎಲ್ಲವನ್ನೂ ಹಳ್ಳದ ದಂಡೆಯ ಹಳೇ ಕಲ್ಲಿನ ಖಣಿಗೆ ಹಾಕಿರಿ. ಊರಿನಿಂದ ಎರಡು ಕಿಲೋಮೀಟರ್ ಆಚೆ, ಕಲ್ಲು ತೆಗೆದು ತೆಗೆದು ಬಾಯ್ದೆರೆದ ಆಳದ ಗುಂಡಿ ಅದು. ಪಕ್ಕದ ಹಳ್ಳ ನೇರ ಘಟಪ್ರಭೆಗೆ ಸೇರುತ್ತದೆ. ತುಂಬದಿರಲೆಂದು ವಾರಕ್ಕೊಮ್ಮೆ ಅಲ್ಲಿ ಬೆಂಕಿ ಹಚ್ಚುವುದು ಶುರುವಾಯಿತು.

'ಮುಂಜಾನಿ ಹತ್ತರ ತನಕ ಬ್ಯಾರೆ ಮಾಡ್ರಿ ಬ್ಯಾರೆ ಮಾಡ್ರಿ ಅಂತ ನನ್ನ ದನಿ ಒದರತಿತ್ತು. ಹನ್ನೊಂದಕ್ಕ ನನ್ನ ಕೈ ಎರಡೂ ಕೂಡಿಸಿ ಖಣಿಗಿ ಸುರೀತಿತ್ತು,' ಎನ್ನುತ್ತಾರೆ ಉದ್ದವ್ವ. ಅವರು ಎರಡು ಸಲ ಪಂಚಾಯಿತಿಗೆ ಹೋಗಿ ಹೇಳಿದರು. ಮೊದಲ ಸಲ, ಮಳೆಗಾಲ ಮುಗಿಯಲಿ ಅಂದರು. ಎರಡನೆಯ ಸಲ ಹೋದಾಗ ಸಾಹೇಬರು ವರ್ಗವಾಗಿದ್ದರು, ಹೊಸಬರಿಗೆ ಶೆಡ್ಡು ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ.

ಹಾಗಾದರೆ ಹಾಡು ನಿಲ್ಲಿಸಬಹುದಿತ್ತಲ್ಲ ಎಂದರೆ ತಲೆ ಅಲ್ಲಾಡಿಸುತ್ತಾರೆ. 'ಹಾಡು ನಿಂತರ ಮಂದಿ ಬ್ಯಾರೆ ಮಾಡೂದ ಬಿಡ್ತಾರ. ಒಮ್ಮಿ ಬಿಟ್ಟರ ಮತ್ತ ಹಚ್ಚೂದು ಸರಳ ಅಲ್ಲರಿ. ಶೆಡ್ಡ ಇವತ್ತಲ್ಲ ನಾಳಿ ಆಗತೈತಿ, ಅಲ್ಲೀತನಾ ರೂಢಿ ಇರಲಿ ಅಂತ ಸುಮ್ಮಾದೆ.'

ಸುಮ್ಮನೆ ಕೂರಲಿಲ್ಲ. ಊಟ ಮುಗಿಸಿ ದಿನಾ ಮಧ್ಯಾಹ್ನ ಒಬ್ಬರೇ ಖಣಿಗೆ ಇಳಿದು, ಬೆಂಕಿ ತಲುಪದ ಕಡೆಯಿಂದ ಪ್ಲಾಸ್ಟಿಕ್ ಎಳೆದು ದಂಡೆಗೆ ಹಾಕುತ್ತಿದ್ದರು. ಬೆಂಕಿ ಒಳಗೊಳಗೇ ಹೊಗೆಯಾಡುತ್ತಿತ್ತು. ಒಂದು ವರ್ಷದಲ್ಲಿ ಮೇಲಿನ ಸ್ವರ ಹೋಯಿತು. ಮತ್ತೆ ಆರು ತಿಂಗಳಿಗೆ ಗೋಕಾಕದ ಡಾಕ್ಟರು ಎದೆಯ ಫೋಟೊ ನೋಡಿ, ಬೀಡಿ ಎಷ್ಟು ವರ್ಷದಿಂದ ಸೇದುತ್ತೀರಿ ಎಂದು ಕೇಳಿದರು. ಉದ್ದವ್ವ ಬೀಡಿ ಮುಟ್ಟಿದವರಲ್ಲ.

ಹೋದ ವರ್ಷಕ್ಕಿಂತ ಹಿಂದಿನ ವರ್ಷದ ಮಳೆಗಾಲದಲ್ಲಿ, ಜುಲೈ ಕೊನೆಗೆ, ಘಟಪ್ರಭೆ ಉಕ್ಕಿತು. ಹೊಳೆ ಹಳ್ಳವನ್ನು ಹಿಂದಕ್ಕೆ ಒತ್ತಿತು, ಹಳ್ಳ ಖಣಿಗೆ ನುಗ್ಗಿತು. ಮೂರು ದಿನ ನೀರು ನಿಂತು ಇಳಿದಾಗ, ಕಬ್ಬಿನ ಗಳಗಳ ತುದಿಗೆ, ಸಾಲಿಯ ತಂತಿ ಬೇಲಿಗೆ, ಜಾಲಿ ಕಂಟಿಗಳಿಗೆ ಕಸ ನೇತಾಡುತ್ತಿತ್ತು. ಇಡೀ ಊರಿನ ಕಸ ಊರಿಗೇ ಬಂದಿತ್ತು. ಮಂದಿ ಮಾತ್ರ ಅದನ್ನು ಹೊಳೆ ಮೇಲಿನ ಊರುಗಳಿಂದ ಹೊತ್ತು ತಂದದ್ದೆಂದುಕೊಂಡರು.

ಸಾಲಿಯ ಬೇಲಿಯಲ್ಲಿ ಸಿಕ್ಕಿದ್ದನ್ನು ಬಿಡಿಸುತ್ತಿದ್ದ ಉದ್ದವ್ವನ ಹತ್ತಿರ ಶೆಟ್ಟೆವ್ವ ಕೋಲೂರಿಕೊಂಡು ಬಂದರು. ಕೆಸರಿನಲ್ಲಿದ್ದ ಒಂದು ಗಂಟನ್ನು ಕೋಲಿನಿಂದ ಹೊರಳಿಸಿದರು. ಹಾಲಿನ ಪಾಕೀಟು, ಒಂದರ ಮೇಲೊಂದು ಮಡಿಸಿದವು. ಕೆಂಪು ಅಂಚು.

'ಇದು ನಾ ಕಟ್ಟಿದ ಗಂಟ ಅಲ್ಲೇನವಾ ಉದ್ದವ್ವಾ?'

ಉದ್ದವ್ವ ಬೇಲಿಯ ತಂತಿಗೆ ಸಿಕ್ಕಿದ್ದನ್ನು ಬಿಡಿಸುತ್ತಲೇ ಇದ್ದರು.

'ನೀ ಎಲ್ಲಿಗಿ ಒಯ್ತಿದ್ದಿ ಇದನ್ನ?'

'ಖಣಿಗಿ ಅಂತ ಹೇಳಾಕ ನನ್ನ ನಾಲಿಗಿ ಬರಲಿಲ್ರಿ,' ಎಂದು ಉದ್ದವ್ವ ಹೇಳುವಾಗ ಕೈಯಲ್ಲಿನ ರಬ್ಬರ್ ಗವಸು ತೆಗೆಯುತ್ತಾರೆ, ಮತ್ತೆ ಹಾಕಿಕೊಳ್ಳುತ್ತಾರೆ. 'ಆಕಿ ಬೈಲಿಲ್ಲ. ಗಂಟ ಎತ್ತಿ ಉಡಿಯಾಗ ಹಾಕ್ಕೊಂಡು ಮನಿಗಿ ಹೋದ್ಲು. ಬೈದಿದ್ರ ಬೇಸಿತ್ತು.'

ಮುಂದಿನ ಹತ್ತು ತಿಂಗಳು ಆ ಕೆಂಪು ಅಂಚು ಅವರ ಕಣ್ಣ ಮುಂದಿನಿಂದ ಸರಿಯಲಿಲ್ಲ. ಹೋದ ವರ್ಷದ ಜೂನ್ ಐದಕ್ಕೆ ಸಾಲಿಯಲ್ಲಿ ಪರಿಸರ ದಿನ. ಮೇಲಿನ ಕಚೇರಿಯವರು ಬರುವವರಿದ್ದರು. ನಲವತ್ತು ಮಕ್ಕಳು ಉದ್ದವ್ವನ ಹಾಡನ್ನು ಕುಣಿತಕ್ಕೆ ಹೊಂದಿಸಿ ಕಲಿತಿದ್ದರು. ಮೂಲ ಗಾಯಕಿಯೇ ಮುಂದೆ ನಿಂತು ಎತ್ತಿಕೊಡಬೇಕೆಂದು ಸುಜಾತಾ ಮನೆಗೆ ಹೋಗಿ ಕರೆದರು. ಗಂಟಲು ಹೋಗಿದೆ ಎಂದರೂ ಬಿಡಲಿಲ್ಲ, ಎರಡು ಸಾಲು ಸಾಕು ಎಂದರು.

ಅಂದು ಉದ್ದವ್ವ ಮದುವೆಯ ಇಳಕಲ್ಲ ಸೀರೆ ಉಟ್ಟು ಹೋದರು. ಸತ್ಯಪ್ಪ ತುಂತುಣಿ ಹಿಡಿದರು. ಮಕ್ಕಳು ಹಸಿರು ಅಂಗಿಯಲ್ಲಿ ಸಾಲಾಗಿ ನಿಂತಿದ್ದರು. ಮೈಕು ಕೈಗೆ ಬಂತು. ಮೊದಲ ಸಾಲಿಗೇ ದನಿ ಒಡೆಯಿತು. ಎದುರಿಗೆ ಹೆಂಗಸರ ನಡುವೆ ಶೆಟ್ಟೆವ್ವ ಕುಳಿತದ್ದು ಕಂಡಿತಂತೆ. ಎತ್ತರಕ್ಕೆ ಏರದ ದನಿಯಲ್ಲಿ, ಹೆಚ್ಚುಕಡಿಮೆ ಮಾತಿನ ಹಾಗೆ, ಯಾರೂ ಕೇಳಿರದ ಎರಡು ಸಾಲು ಹಾಡಿದರು:

ಬ್ಯಾರೆ ಮಾಡಿ ಕೊಟ್ಟಿರಿ ನೀವು, ಕೂಡಿಸಿ ಸುರಿದವಳು ನಾ
ಹಡೆದವ್ವ ಹೊಳಿಯವ್ವನ ಉಡಿಗಿ ಹೊಲಸ ತುಂಬಿದವಳು ನಾ

ತುಂತುಣಿ ನಿಂತಿತು. ಮಕ್ಕಳಿಗೆ ಗೀಯ ಗೀಯ ಎನ್ನಬೇಕೋ ಬೇಡವೋ ತಿಳಿಯಲಿಲ್ಲ. ಉದ್ದವ್ವ ಅಲ್ಲಿಗೇ ಬಿಡಲಿಲ್ಲ. ಶೆಡ್ಡಿನ ತಗಡು ಹಾರಿದ್ದು, ಖಣಿ, ಬೆಂಕಿ, ಎರಡು ವರ್ಷ ತಾವು ಬಾಯಿ ಮುಚ್ಚಿಕೊಂಡದ್ದು, ಎಲ್ಲವನ್ನೂ ಹೇಳಿದರು. ನಾಗೇಶಿಯ ಪಟ್ಟಿನಂತೆ ಒಂದೊಂದಾಗಿ ಪ್ರಶ್ನೆ ಕೇಳಿ ತಾವೇ ಉತ್ತರ ಕೊಟ್ಟರು. ಯಾರ ಹೆಸರನ್ನೂ ಎತ್ತಲಿಲ್ಲ, ತಮ್ಮ ಹೆಸರನ್ನು ಬಿಟ್ಟು. ನಾಲ್ಕನೆಯ ನುಡಿಗೆ ಮೈಕು ಸತ್ತಿತು. ಕರೆಂಟು ಹೋಗಿರಲಿಲ್ಲ, ಫ್ಯಾನು ತಿರುಗುತ್ತಿತ್ತು.

'ಆ ದಿನ ನಾ ಸುದ್ದಾ ಚಪ್ಪಾಳಿ ಹೊಡೀಲಿಲ್ರಿ,' ಎನ್ನುತ್ತಾರೆ ಶಿಕ್ಷಕಿ ಸುಜಾತಾ. ಸಾಲಿ, ಪಂಚಾಯಿತಿಯವರಲ್ಲಿ ತಮ್ಮ ಹೆಸರು ಬರೆಯಬಹುದು ಎಂದವರು ಅವರೊಬ್ಬರೇ. 'ಸ್ಟೇಜಿನ ಮ್ಯಾಲೆ ಸಾಹೇಬ್ರು ಕುಂತಿದ್ರು. ಮಕ್ಕಳನ್ನ ಒಳಗ ಕರಕೊಂಡ ಹೋದೆ. ಒಬ್ಬ ಹುಡುಗಿ ಕೇಳಿದ್ಲು, ಟೀಚರ್, ಉದ್ದವ್ವಾಯಿ ಹಾಡಿದ್ದು ಖರೇನಾ ಅಂತ. ಸುಮ್ನ ನಡೀ ಅಂದೆ.'

ಮರುದಿನ ಪಂಚಾಯಿತಿಯವರು ಉದ್ದವ್ವನಿಗೆ, ತಬ್ಯೇತಿ ಸರಿಯಿಲ್ಲ, ಎರಡು ತಿಂಗಳು ವಿಶ್ರಾಂತಿ ತಗೊಳ್ಳಿರಿ ಎಂದು ಹೇಳಿ ಕಳಿಸಿದರು. ಗಾಡಿಯಲ್ಲಿ ಹಾಡು ಮಾತ್ರ ಎಂದಿನಂತೆ ಮೊಳಗುತ್ತಿತ್ತು. ಮನೆಯಲ್ಲಿ ಕುಳಿತು ಅದನ್ನು ಕೇಳಿದ ಎರಡು ತಿಂಗಳು ತಮ್ಮ ಜೀವನದ ಕೆಟ್ಟ ದಿನಗಳು ಎನ್ನುತ್ತಾರೆ. ಬೇರೆ ಯಾರೂ ಕಸ ಎತ್ತಲು ಮುಂದೆ ಬರಲಿಲ್ಲ. ಹಾಗಾಗಿ ಆಗಸ್ಟಿನಲ್ಲಿ ಮತ್ತೆ ಕರೆದರು. ಉದ್ದವ್ವ ಹೋದರು.

ಬಾಗಿಲುಗಳ ಮುಂದೆ ಅವರಿಗೆ ಕಂಡದ್ದು ಇನ್ನೂ ದೊಡ್ಡ ಪೆಟ್ಟು. ಖಣಿಯ ಸತ್ಯ ಕೇಳಿದ ಊರು ಸಿಟ್ಟಾಗುತ್ತದೆ, ಪಂಚಾಯಿತಿಯ ಮುಂದೆ ಹೋಗಿ ಕೂರುತ್ತದೆ, ಶೆಡ್ಡು ಕಟ್ಟಿಸುತ್ತದೆ ಎಂದು ನಂಬಿ ಅವರು ಹಾಡಿದ್ದರು. ಊರು ಹಾಗೇನೂ ಮಾಡಲಿಲ್ಲ. ಬೇರೆ ಮಾಡುವುದನ್ನು ಬಿಟ್ಟುಬಿಟ್ಟಿತು. ಹೇಗಿದ್ದರೂ ಖಣಿಗೇ ಹೋಗುವುದಾದರೆ ಎರಡು ಬುಟ್ಟಿ ಯಾಕೆ? ಆರುನೂರು ಮನೆ ಎರಡೇ ತಿಂಗಳಲ್ಲಿ ಮೂವತ್ತೆಂಟಕ್ಕೆ ಇಳಿದಿತ್ತು. ಚಹಾದಂಗಡಿಗೆ ಪ್ಲಾಸ್ಟಿಕ್ ಲೋಟ ಮರಳಿ ಬಂದಿತ್ತು. ಮೈಕು ಸಾಯುವ ತನಕದ ಹಾಡನ್ನು ಯಾರೋ ಮೊಬೈಲಿನಲ್ಲಿ ಹಿಡಿದು, ಕೊನೆಗೆ ನಗೆಯ ಸಪ್ಪಳ ಸೇರಿಸಿ ಊರ ತುಂಬ ಹಂಚಿದ್ದರು.

'ನಾ ಇನ್ನ ಕಟ್ಟೂದಿಲ್ಲವಾ,' ಎಂದರು ಶೆಟ್ಟೆವ್ವ. 'ನಿನ್ನ ಮ್ಯಾಲೆ ಸಿಟ್ಟಿಲ್ಲ. ನನ್ನ ಕೈ ಸೋತಾವು.' ಅವರ ಬಾಗಿಲಿಗೀಗ ಒಂದೇ ಬುಟ್ಟಿ. ಎಲ್ಲ ಕೂಡಿಸಿದ್ದು.

ಗೋಕಾಕದ ಬಟ್ಟೆಯಂಗಡಿಯಲ್ಲಿ ಕೆಲಸ ಮಾಡುವ ಮಗಳು ಪೂನಮ್ ರವಿವಾರ ಮನೆಗೆ ಬಂದಾಗ ತಾಯಿಯನ್ನು ಕೇಳಿದಳಂತೆ: 'ಅವ್ವಾ, ಸುಳ್ಳ ಹಾಡಿದಾಗ ಮಂದಿ ಸುಧಾರಿಸಿದ್ರು. ಖರೆ ಹಾಡಿದಾಗ ಕೆಟ್ಟರು. ನಿನ್ನ ಹಾಡಿನಿಂದ ಏನಾತು?' ಉದ್ದವ್ವ ಈ ಮಾತನ್ನು ನನಗೆ ಎರಡು ಸಲ ಹೇಳಿದರು. ಪೂನಮ್‌ಗೆ ತಾಯಿಯದೇ ದನಿ ಬಂದಿದೆ ಎನ್ನುತ್ತಾರೆ ಮಾಯವ್ವ. ಆಕೆ ಹಾಡುವುದಿಲ್ಲ.

ಇಂದಿಗೂ ಲೆಕ್ಕ ಅದೇ. ದಿನಕ್ಕೆ ಅರ್ಧ ಊರು, ನಾನೂರ ಎಪ್ಪತ್ತು ಬಾಗಿಲು. ಏಳು ಕಿಲೋಮೀಟರ್ ನಡಿಗೆ. ನೂರ ಎಂಬತ್ತು ಕಿಲೋ ಕಸ, ಎಲ್ಲ ಎರಡು ಕೈಗಳ ಮೇಲೆ ಹಾದು ಹೋಗಬೇಕು. ಡಾಕ್ಟರು ಕೊಟ್ಟ ಉಸಿರಿನ ಪಂಪು ದಿನಕ್ಕೆ ಎರಡು ಸಲ, ಕೆಮ್ಮು ಹೆಚ್ಚಾದರೆ ಮೂರು. ಈಗ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಎದೆ ನಡುಗಿಸುವ ಸ್ಪೀಕರ್ ಹಾಕಿಕೊಂಡು ಸಾಲಾಗಿ ಹಾದು ಹೋಗುತ್ತವೆ. ಅವು ಬಂದಾಗ ಕಸದ ಗಾಡಿಯ ಹಾಡು ಕೇಳಿಸುವುದೇ ಇಲ್ಲ. ಮಾಯವ್ವ ಹಾಡು ನಿಲ್ಲಿಸಿ, ಅವು ಹೋದ ಮೇಲೆ ಮತ್ತೆ ಮೊದಲಿನಿಂದ ಹಚ್ಚುತ್ತಾರೆ.

ಮೇಳ ಮುರಿದಿದೆ. ಐವರಲ್ಲಿ ಒಬ್ಬರು ತೀರಿಕೊಂಡರು, ಇನ್ನೊಬ್ಬರು ಕಾರಖಾನೆಯ ಕೆಲಸಕ್ಕೆ ಹೋದರು. ನಾಗೇಶಿಯಿಲ್ಲದ ಮೇಳವನ್ನು ಯಾರೂ ಕರೆಯುವುದಿಲ್ಲ. ತಂದೆಯಿಂದ ಬಾಯಿಪಾಠ ಬಂದ ಪದಗಳು ಮುನ್ನೂರಕ್ಕೂ ಹೆಚ್ಚು, ಯಾರೂ ಬರೆದುಕೊಂಡಿಲ್ಲ. ಬರೆದುಕೊಳ್ಳುತ್ತೇನೆ ಎಂದು ಪೆನ್ನು ತೆಗೆದರೆ ಉದ್ದವ್ವ ಬೇಡವೆನ್ನುತ್ತಾರೆ. 'ಹಾಳಿ ಮ್ಯಾಲೆ ಇದ್ರ ಅದು ಹಾಡ ಅಲ್ಲರಿ. ಎದುರ ಒಬ್ಬ ಹರದೇಶಿ ಬೇಕು, ತಡವಾಕ. ಈಗ ನನ್ನ ಎದುರ ಯಾರ ಅದಾರ?'

ಹನ್ನೆರಡಕ್ಕೆ ಕೆಲಸ ಮುಗಿಯುತ್ತದೆ. ಚಹಾ ಕುಡಿದು ಹೋಗಿರಿ ಎಂದು ಮನೆಗೆ ಕರೆಯುತ್ತಾರೆ. ಎರಡು ಖೋಲಿಯ ಮನೆ. ಸತ್ಯಪ್ಪ ಹೊರಗಿನ ಪಡಸಾಲೆಯಲ್ಲಿ ಹಾಸಿಗೆ ಸುತ್ತುತ್ತಿದ್ದಾರೆ. ಈ ಚಳಿಯಲ್ಲಿ ಇಲ್ಲೇಕೆ ಮಲಗುತ್ತೀರಿ ಎಂದರೆ, ಒಳಗೆ ನೋಡಿರಿ ಎಂಬಂತೆ ಕೈ ತೋರಿಸುತ್ತಾರೆ.

ಒಳಗಿನ ಖೋಲಿಯ ತುಂಬ ಚೀಲಗಳು. ಗೊಬ್ಬರದ ಖಾಲಿ ಚೀಲಗಳಲ್ಲಿ ತುಂಬಿ, ಬಾಯಿ ಹೊಲಿದು, ನೆಲದಿಂದ ಜಂತಿಯವರೆಗೆ ಒಟ್ಟಿದ್ದಾರೆ. ಹಿಂದಿನ ಬಾಗಿಲು ತೆರೆದರೆ, ಹಿಂದೊಮ್ಮೆ ಎಮ್ಮೆ ಕಟ್ಟುತ್ತಿದ್ದ ಗೋದಲಿಯ ತುಂಬವೂ ಚೀಲಗಳು. ಇನ್ನೂ ಬೇರೆ ಮಾಡಿ ಕೊಡುತ್ತಿರುವ ಮೂವತ್ತೆಂಟು ಮನೆಗಳ ಒಣ ಕಸ ಅದು. ಆಗಸ್ಟಿನಿಂದ ಉದ್ದವ್ವ ಅದನ್ನು ಗಾಡಿಗೆ ಹಾಕಿಲ್ಲ. ದಿನಾ ತಲೆಯ ಮೇಲೆ ಹೊತ್ತು ಮನೆಗೆ ತರುತ್ತಾರೆ, ತೊಳೆಯುತ್ತಾರೆ, ಒಣಗಿಸಿ ತುಂಬುತ್ತಾರೆ. ಇದುವರೆಗೆ ಇನ್ನೂರ ಹನ್ನೆರಡು ಚೀಲ.

'ಮನಿ ತುಂಬ ಕಸ ಇಟ್ಟಾಳಂತ ಓಣಿ ಮಂದಿ ನಗತಾರ,' ಎನ್ನುತ್ತಾರೆ ಸತ್ಯಪ್ಪ. ದನಿಯಲ್ಲಿ ದೂರಿಲ್ಲ. 'ಇಲಿ ಆಗ್ಯಾವು. ಆದರ ಏನ ಮಾಡೂದ್ರಿ?'

ಗೋಕಾಕದ ಒಬ್ಬ ವ್ಯಾಪಾರಿಯನ್ನು ಉದ್ದವ್ವ ಕೇಳಿ ಬಂದಿದ್ದಾರೆ. ಲಾರಿ ತುಂಬುವಷ್ಟಾದರೆ ನೋಡೋಣ ಎಂದಿದ್ದಾನಂತೆ. ಇನ್ನೂರು ಚೀಲಕ್ಕೆ ಅರ್ಧ ಲಾರಿಯೂ ತುಂಬುವುದಿಲ್ಲ. ಮನೆಯಲ್ಲಿ ಜಾಗ ಮುಗಿದಿದೆ. ಮಳೆಗಾಲಕ್ಕೆ ಇನ್ನು ಐದು ತಿಂಗಳು. ಶೆಡ್ಡಿನ ಜಾಗದಲ್ಲಿ ನಾಲ್ಕು ಕಂಬಗಳಷ್ಟೇ ನಿಂತಿವೆ.

ಮುಂದೇನು ಎಂದು ಕೇಳುತ್ತೇನೆ. ಉದ್ದವ್ವ ಚಹಾದ ಬಸಿ ನನ್ನ ಕೈಗಿತ್ತು, ಚೀಲಗಳ ಪಕ್ಕದಲ್ಲಿ ಕೂರುತ್ತಾರೆ.

'ಗೊತ್ತಿಲ್ರಿ. ಮಳಿ ಹತ್ತೂದ್ರಾಗ ಒಂದ ಲಾರಿ ಬಂದ್ರ ಸಾಕು. ಬರಲಿಲ್ಲಂದ್ರ ಪಡಸಾಲಿ ಐತಿ, ಅಲ್ಲೂ ಒಟ್ಟತೇನಿ.'

ಎದ್ದು ಹೋಗಿ, ಜಾರುತ್ತಿದ್ದ ಮೇಲಿನ ಚೀಲವೊಂದನ್ನು ಎರಡೂ ಕೈಯಿಂದ ಒತ್ತಿ ಕೂರಿಸುತ್ತಾರೆ. ಕೆಮ್ಮು ಬರುತ್ತದೆ, ಚೀಲಕ್ಕೇ ಒರಗಿ ಅದನ್ನು ಮುಗಿಸಿಕೊಳ್ಳುತ್ತಾರೆ.

'ಆ ಮೂವತ್ತೆಂಟ ಮನಿಯವ್ರು ನನ್ನ ಕೈಯಾಗ ಕೊಟ್ಟಾರ ಸರ,' ಎನ್ನುತ್ತಾರೆ ಉದ್ದವ್ವ. 'ಅವ್ರ ಕೊಟ್ಟಿದ್ದರಾಗ ಒಂದ ಹಾಳಿ ಸುದ್ದಾ ನಾ ಹೊಳಿಗಿ ಬಿಟ್ಟಿಲ್ಲ.'